ಎಸಿ ರಿಪೇರಿ ಖರ್ಚು: ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ್ದು

ಬೇಸಿಗೆ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಎಸಿ ತಣ್ಣಗೆ ಮಾಡ್ತಿಲ್ಲ. ಮೆಕ್ಯಾನಿಕ್ ಬಂದು ಗ್ಯಾಸ್ ಖಾಲಿ ಅಂದ್ರು, ಇಷ್ಟಾಗುತ್ತೆ ಅಂದ್ರು. ಈ ರೇಟ್ ಸರಿನಾ?"

ರೇಟಿನ ಮಾತು ಆಮೇಲೆ. ಗ್ಯಾಸ್ ಖಾಲಿ ಅಂತ ಅವರಿಗೆ ಹೇಗೆ ಗೊತ್ತಾಯಿತು? ಮೊದಲು ಕೇಳಬೇಕಾದ್ದು ಇದು. ಎಸಿ ರಿಪೇರಿಯಲ್ಲಿ ಜನರ ದುಡ್ಡು ಹೋಗುವುದು ಹೆಚ್ಚಾಗಿ ಬೇಡದ ಕೆಲಸಕ್ಕೆ. ರೋಗ ಯಾವುದೆಂದು ನೋಡುವ ಮೊದಲೇ ಮದ್ದು ಶುರುವಾಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ದರಪಟ್ಟಿ ಇಲ್ಲ. ಬಿಲ್ಲು ಯಾವುದರಿಂದ ಏರುತ್ತದೆ, ಎಲ್ಲಿ ತಡೆಯಬಹುದು, ಮೆಕ್ಯಾನಿಕ್‌ಗೆ ಏನು ಕೇಳಬೇಕು, ಅಷ್ಟನ್ನು ಹಂತ ಹಂತವಾಗಿ ಹೇಳುತ್ತೇನೆ. ಮನೆಗಳಲ್ಲಿ ಹೆಚ್ಚಾಗಿರುವ ಸ್ಪ್ಲಿಟ್ ಎಸಿಯನ್ನು, ಅಂದರೆ ಒಂದು ಪೆಟ್ಟಿಗೆ ಕೋಣೆಯೊಳಗೆ, ಇನ್ನೊಂದು ಹೊರಗೆ ಇರುವ ಎಸಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

1. ಫೋನ್ ಮಾಡುವ ಮೊದಲು ನೀವೇ ನೋಡಿ

ರಿಮೋಟಿನಲ್ಲಿ ಮೋಡ್ "ಕೂಲ್"ನಲ್ಲೇ ಇದೆಯಾ? ಮಕ್ಕಳ ಕೈಗೆ ಸಿಕ್ಕಿ "ಫ್ಯಾನ್" ಅಥವಾ "ಡ್ರೈ"ಗೆ ಹೋಗಿರುವುದು ಅಪರೂಪವೇನಲ್ಲ. ಸೆಟ್ ಮಾಡಿದ ಉಷ್ಣತೆ ಕೋಣೆಯ ಉಷ್ಣತೆಗಿಂತ ಕಡಿಮೆ ಇರಬೇಕು. ಕರೆಂಟ್ ಹೋಗಿ ಬಂದಿದ್ದರೆ ಐದು ನಿಮಿಷ ಕಾಯಿರಿ. ಎಸಿ ನಿಂತ ಕೂಡಲೇ ಕಂಪ್ರೆಸರ್, ಅಂದರೆ ಹೊರಗಿನ ಪೆಟ್ಟಿಗೆಯಲ್ಲಿ ತಂಪು ಮಾಡುವ ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ, ಮತ್ತೆ ಶುರುವಾಗಬಾರದು ಎಂದು ಸುಮಾರು 3 ನಿಮಿಷ ತಡೆಯುವ ವ್ಯವಸ್ಥೆ ಹೆಚ್ಚಿನ ಎಸಿಗಳಲ್ಲಿ ಇರುತ್ತದೆ.

ಆಮೇಲೆ ಫಿಲ್ಟರ್. ಒಳಗಿನ ಯೂನಿಟ್‌ನ ಮುಂದಿನ ಮುಚ್ಚಳ ಎತ್ತಿದರೆ ಸಿಗುವ ಜಾಲರಿ ಇದೇ. ಬರೀ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆ ಬರುತ್ತದೆ. ಒಳಗಿನ ಕಾಯಿಲ್ ಮೇಲೆ, ಅಂದರೆ ತಂಪು ಕೊಡುವ ಕೊಳವೆಗಳ ಹೆಣಿಗೆಯ ಮೇಲೆ, ಮಂಜುಗಡ್ಡೆ ಕಟ್ಟಬಹುದು. ಎಸಿ ತಂಪು ಕೊಡುವುದನ್ನೇ ನಿಲ್ಲಿಸಬಹುದು. ನೋಡುವವರಿಗೆ ಥೇಟ್ ಗ್ಯಾಸ್ ಕಡಿಮೆಯಾದ ಹಾಗೇ ಕಾಣುತ್ತದೆ! ಹೊರಗಿನ ಯೂನಿಟ್‌ಗೆ ಅಡ್ಡವಾಗಿ ಬಟ್ಟೆ, ಹಲಗೆ, ಕುಂಡ ಏನಾದರೂ ಇದ್ದರೆ ಅದನ್ನೂ ಸರಿಸಿ.

ಎಚ್ಚರಿಕೆ: ಮಂಜುಗಡ್ಡೆಯನ್ನು ಚಾಕು, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಕಾಯಿಲ್‌ನ ಕೊಳವೆ ತೂತಾದರೆ ಫಿಲ್ಟರ್ ತೊಳೆದರೆ ಮುಗಿಯುತ್ತಿದ್ದ ಕೆಲಸ ಕಾಯಿಲ್ ಬದಲಿಸುವವರೆಗೆ ಹೋಗುತ್ತದೆ. "ಫ್ಯಾನ್" ಮೋಡ್‌ನಲ್ಲಿ ಓಡಿಸಿ, ತಾನಾಗೇ ಕರಗಲಿ. ಎಂಸಿಬಿ, ಅಂದರೆ ಮೀಟರ್ ಬೋರ್ಡಿನ ಸುರಕ್ಷತಾ ಸ್ವಿಚ್, ಮತ್ತೆ ಮತ್ತೆ ಬೀಳುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಎಸಿಯನ್ನು ಮುಟ್ಟಲೇಬೇಡಿ, ಸ್ವಿಚ್ ಆಫ್ ಮಾಡಿ ಬಿಡಿ. ಹೆಚ್ಚು ಸಾಮರ್ಥ್ಯದ ಎಂಸಿಬಿ ಹಾಕಿಸಿ "ಸರಿ ಮಾಡುವುದು" ಬೆಂಕಿಗೆ ದಾರಿ. ಹೊರಗಿನ ಯೂನಿಟ್ ಬಿಚ್ಚುವ ಸಾಹಸವೂ ಬೇಡ. ಕರೆಂಟ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ.

2. ನಾಮಫಲಕದ ಫೋಟೋ, ವಾರಂಟಿ ಕಾರ್ಡ್

ಯೂನಿಟ್‌ನ ಪಕ್ಕದಲ್ಲಿ ಅಂಟಿಸಿರುವ ಸ್ಟಿಕ್ಕರ್ ನೋಡಿದ್ದೀರಾ? ಮಾಡೆಲ್ ನಂಬರ್, ಯಾವ ಗ್ಯಾಸ್, ಎಷ್ಟು ಗ್ಯಾಸ್, ಎಷ್ಟು ಆಂಪಿಯರ್ ಕರೆಂಟ್ ಎಳೆಯುತ್ತದೆ ಎಲ್ಲವೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾರಂಟಿ ಇದ್ದರೆ ಮೊದಲ ಫೋನ್ ಕಂಪನಿಗೇ. ಹೊರಗಿನವರು ಬಿಚ್ಚಿದರೆ ವಾರಂಟಿ ರದ್ದಾಗಬಹುದು. ಕಾರ್ಡನ್ನು ಒಮ್ಮೆ ನಿಧಾನವಾಗಿ ಓದಿ. ಇಡೀ ಯಂತ್ರಕ್ಕೆ ಕಡಿಮೆ ವರ್ಷ, ಕಂಪ್ರೆಸರ್‌ಗೆ ಜಾಸ್ತಿ ವರ್ಷ ಎಂದು ಬೇರೆ ಬೇರೆ ಬರೆದಿರುತ್ತಾರೆ. "ಕಂಪ್ರೆಸರ್ ವಾರಂಟಿ" ಎಂದರೆ ಬಹಳ ಸಲ ಆ ಬಿಡಿಭಾಗ ಮಾತ್ರ ಪುಕ್ಕಟೆ. ಗ್ಯಾಸ್, ಕೂಲಿ, ಸಾಗಣೆ ನಿಮ್ಮ ತಲೆ ಮೇಲೆ. ಫ್ರೀ ಅಂದುಕೊಂಡು ಕೂತವರಿಗೆ ಬಿಲ್ಲು ನೋಡಿ ಸಿಟ್ಟು ಬರುವುದು ಇಲ್ಲೇ.

3. ಫೋನಿನಲ್ಲೇ ಲೆಕ್ಕ ಕೇಳಿ

ಯಾವ ಬಿಲ್ಲಾದರೂ ನಾಲ್ಕು ಭಾಗ ಇರುತ್ತದೆ: ಬಂದು ನೋಡುವ ಚಾರ್ಜು, ಕೂಲಿ, ಬಿಡಿಭಾಗ, ಗ್ಯಾಸ್. ರಿಪೇರಿ ಅಲ್ಲೇ ಮಾಡಿಸಿದರೆ ನೋಡುವ ಚಾರ್ಜು ಕಳೆಯುತ್ತೀರಾ, ಎಂದು ಮೊದಲೇ ಕೇಳಿ. ಹೊರಗಿನ ಯೂನಿಟ್ ಎತ್ತರದ ಗೋಡೆಯಲ್ಲಿ ನೇತಾಡುತ್ತಿದ್ದರೆ ಅದನ್ನೂ ಹೇಳಿಬಿಡಿ. ಏಣಿ, ಹಗ್ಗ, ಇನ್ನೊಬ್ಬ ಆಳು ಬೇಕಾದರೆ ಕೂಲಿ ಏರುವುದು ನ್ಯಾಯವೇ. ಬಂದ ಮೇಲೆ ಹೇಳಿದರೆ ಜಗಳ.

"ಫ್ರೀ ಚೆಕಿಂಗ್" ಅನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳದವರಿಗೆ ಏನಾದರೊಂದು ಮಾರಲೇಬೇಕಾಗುತ್ತದೆ, ಅಲ್ವಾ? ಕಾರಣ ಹುಡುಕುವುದೂ ಒಂದು ಕೆಲಸ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

4. ಲಕ್ಷಣ ನೋಡಿ ಖರ್ಚು ಅಂದಾಜು ಮಾಡಿ

ಮೊದಲು ಒಂದು ಸುಲಭ ಪರೀಕ್ಷೆ. ಎಸಿಯನ್ನು ಕಾಲು ಗಂಟೆ ಓಡಿಸಿ. ಒಂದು ಥರ್ಮಾಮೀಟರನ್ನು ಒಳಗಿನ ಯೂನಿಟ್ ಗಾಳಿ ಎಳೆಯುವ ಮೇಲ್ಭಾಗದಲ್ಲಿ ಹಿಡಿದು ನೋಡಿ, ಆಮೇಲೆ ತಂಪು ಗಾಳಿ ಹೊರಬರುವ ಕಡೆ ಹಿಡಿಯಿರಿ. ಎರಡರ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು. ಸೆಖೆ, ತೇವ ಜಾಸ್ತಿ ಇದ್ದ ದಿನ ಸ್ವಲ್ಪ ಕಡಿಮೆ ಬರಬಹುದು. ಇಷ್ಟು ವ್ಯತ್ಯಾಸ ಸಿಕ್ಕಿ, ಗಾಳಿಯೂ ಜೋರಾಗಿ ಬರುತ್ತಿದ್ದು, ಕೋಣೆ ಮಾತ್ರ ತಣ್ಣಗಾಗುತ್ತಿಲ್ಲ ಅಂದರೆ ತೊಂದರೆ ಎಸಿಯದ್ದಲ್ಲ. ಕೋಣೆ ದೊಡ್ಡದು, ಬಿಸಿಲು ನೇರ ಬೀಳುತ್ತದೆ, ಬಾಗಿಲ ಸಂದಿ ಇದೆ, ಇಂಥದ್ದೇನೋ ಇರುತ್ತದೆ. 1 ಟನ್ ಎಸಿ ಕೋಣೆಯಿಂದ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್‌ನಷ್ಟು ಬಿಸಿ. ಅದಕ್ಕಿಂತ ಜಾಸ್ತಿ ಬಿಸಿ ಒಳಗೆ ಬರುತ್ತಿದ್ದರೆ ಯಾವ ರಿಪೇರಿಯಿಂದಲೂ ಪ್ರಯೋಜನ ಇಲ್ಲ.

ಒಳಗೆ ನೀರು ತೊಟ್ಟಿಕ್ಕುತ್ತಿದೆಯಾ? ಬಹುತೇಕ ನೀರು ಹೋಗುವ ಪೈಪು ಪಾಚಿ, ಧೂಳಿನಿಂದ ಕಟ್ಟಿಕೊಂಡಿರುತ್ತದೆ. ಬರೀ ಕೂಲಿಯ ಕೆಲಸ, ಬಿಡಿಭಾಗ ಬೇಕಿಲ್ಲ.

ಹೊರಗಿನ ಯೂನಿಟ್ "ಗುಂಯ್" ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ, ಅಥವಾ ಅದರ ಫ್ಯಾನ್ ತಿರುಗುವುದಿಲ್ಲ ಅಂದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಇನ್ವರ್ಟರ್ ಅಲ್ಲದ, ಅಂದರೆ ಕಂಪ್ರೆಸರಿನ ವೇಗ ಬದಲಾಗದ, ಎಸಿಗಳಲ್ಲಿ ಇದು ತೀರಾ ಮಾಮೂಲು. ಮೋಟರ್ ಶುರುವಾಗಿ ಓಡಲು ನೆರವಾಗುವ ಸಣ್ಣ ಡಬ್ಬಿ ಅದು. ಮೆಕ್ಯಾನಿಕ್ ಬಿಚ್ಚಿದಾಗ ನೀವೂ ಬಗ್ಗಿ ನೋಡಿ. ಡಬ್ಬಿಯ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಕೆಟ್ಟಿದೆ. ನೋಡಲು ಚೆನ್ನಾಗೇ ಇದ್ದರೆ ಮೀಟರ್ ಇಟ್ಟು ಅಳೆಯಲಿ. ಮೇಲೆ 40 ಮೈಕ್ರೋಫ್ಯಾರಡ್, ಹೆಚ್ಚು ಕಡಿಮೆ 5 ಶೇಕಡಾ ಎಂದು ಬರೆದಿದ್ದರೆ ಮೀಟರಿನಲ್ಲಿ 38ರಿಂದ 42ರ ಒಳಗೆ ಬರಬೇಕು. 25 ಬಂದರೆ ಬದಲಿಸಬೇಕು.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಕೆಪಾಸಿಟರ್ ಅಗ್ಗದ ಬಿಡಿಭಾಗಗಳಲ್ಲಿ ಒಂದು. ಕಂಪ್ರೆಸರ್ ಎಲ್ಲಕ್ಕಿಂತ ದುಬಾರಿ. ಕೆಪಾಸಿಟರ್ ಸತ್ತರೂ ಕಂಪ್ರೆಸರ್ ಓಡುವುದಿಲ್ಲ! ಹಾಗಾಗಿ "ಕಂಪ್ರೆಸರ್ ಹೋಗಿದೆ" ಎಂದು ಯಾರೇ ಹೇಳಲಿ, "ಕೆಪಾಸಿಟರ್ ಅಳೆದು ನೋಡಿದ್ರಾ?" ಎಂದು ಕೇಳದೆ ಮುಂದೆ ಹೋಗಬೇಡಿ.

ಎಸಿ ಬೇಕಾಬಿಟ್ಟಿ ಆನ್-ಆಫ್ ಆಗುತ್ತಿದ್ದರೆ ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟಿರಬಹುದು. ಇದೂ ಅಗ್ಗವೇ. ಗಾಳಿಯೇ ಕಡಿಮೆ ಅನಿಸಿದರೆ ಒಳಗಿನ ಉದ್ದ ಉರುಳೆಯಂಥ ಫ್ಯಾನಿನ ಎಲೆಗಳಲ್ಲಿ ಕೊಳೆ ಕೂತಿರುತ್ತದೆ, ಚೆನ್ನಾಗಿ ತೊಳೆಸಿದರೆ ಸಾಕು.

5. "ಗ್ಯಾಸ್ ಖಾಲಿ" ಅಂದಾಗ

ಎಸಿಯ ಗ್ಯಾಸು ಉರಿದು ಖರ್ಚಾಗುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಒಮ್ಮೆ ದ್ರವವಾಗಿ, ಒಮ್ಮೆ ಅನಿಲವಾಗಿ ಅದೇ ಸುತ್ತುತ್ತಿರುತ್ತದೆ. ಕೊಳವೆ ಸರಿ ಇದ್ದರೆ ಹತ್ತು ವರ್ಷವಾದರೂ ಅಷ್ಟೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ, ಇಲ್ಲವೇ ಕೂರಿಸುವಾಗಲೇ ಸರಿಯಾಗಿ ಹಾಕಿಲ್ಲ. "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು ಸಾರ್" ಅನ್ನುವ ಮಾತನ್ನು ನಂಬಬೇಡಿ. ಲೀಕ್ ಮುಚ್ಚದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಟೈರಿಗೆ ಗಾಳಿ ಹೊಡೆಸಿದ ಹಾಗೆ.

ಲೀಕ್ ಎಲ್ಲಿದೆ ಎಂದು ತೋರಿಸಲು ಕೇಳಿ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಸೋರುವ ಜಾಗದಲ್ಲಿ ಆ ಎಣ್ಣೆ ಒಸರಿ, ಅದಕ್ಕೆ ಧೂಳು ಮೆತ್ತಿ, ಕಪ್ಪು ಜಿಡ್ಡು ಕಲೆ ಕಾಣುತ್ತದೆ. ಹೊರಗಿನ ಯೂನಿಟ್‌ನ ಪಕ್ಕದಲ್ಲಿ ತಾಮ್ರದ ಪೈಪು ಸೇರುವ ಹಿತ್ತಾಳೆ ನಟ್ಟುಗಳನ್ನು ಮೊದಲು ನೋಡಿ. ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ಸಿಕ್ಕಿತು ಕಳ್ಳ. ಇಂಥ ಲೀಕ್‌ಗೆ ನಟ್ಟು ಬಿಗಿ ಮಾಡುವುದೋ ಪೈಪಿನ ಬಾಯನ್ನು ಕತ್ತರಿಸಿ ಮತ್ತೆ ಅರಳಿಸಿ ಕೂರಿಸುವುದೋ ಸಾಕು. ಸಣ್ಣ ಕೆಲಸ.

ಹೀಗೆ ಸಿಗದಿದ್ದರೆ ಕೊಳವೆಯೊಳಗೆ ನೈಟ್ರೋಜನ್ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತಂದರೆ ಕೆಲಸ ಅಲ್ಲೇ ನಿಲ್ಲಿಸಿ. ಒತ್ತಡದ ಆಕ್ಸಿಜನ್, ಎಣ್ಣೆ ಎರಡೂ ಸೇರಿದರೆ ಸ್ಫೋಟವಾಗುತ್ತದೆ.

ಲೀಕ್ ಕಾಯಿಲ್‌ನಲ್ಲೇ ಇದ್ದರೆ ಖರ್ಚು ಜಾಸ್ತಿ. ತಾಮ್ರದ ಕಾಯಿಲ್‌ನಲ್ಲಿ ಒಂದೇ ತೂತಿದ್ದರೆ ಬೆಸುಗೆ ಹಾಕಬಹುದು. ಆದರೆ ಕೆಲವೊಮ್ಮೆ ತಾಮ್ರದೊಳಗೆ ಇರುವೆ ಗೂಡಿನ ಹಾಗೆ ಕಣ್ಣಿಗೆ ಕಾಣದ ಸುರಂಗಗಳು ಕೊರೆದುಕೊಂಡಿರುತ್ತವೆ. ಅಂಟು, ಕ್ಲೀನರ್, ಹೊಸ ಮರದ ಸಾಮಾನುಗಳಿಂದ ಹೊರಡುವ ಆವಿಯಲ್ಲಿನ ಆಮ್ಲ ತೇವದ ಜೊತೆ ಸೇರಿ ಮಾಡುವ ಕೆಲಸ ಇದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ಅಂಥ ಕಾಯಿಲ್‌ಗೆ ತೇಪೆ ಹಾಕಿಸಿ ಫಲ ಇಲ್ಲ, ಬದಲಿಸುವುದೇ ಸರಿ.

ಲೀಕ್ ಮುಚ್ಚಿದ ಮೇಲೆ ಎರಡು ಕೆಲಸ ಆಗಲೇಬೇಕು.

ಒಂದು, ವ್ಯಾಕ್ಯೂಮ್. ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯುವುದು. ತೇವ ಉಳಿದರೆ ಅದು ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದ ತಿನ್ನುತ್ತದೆ. ಚೆನ್ನಾಗಿ ಮಾಡುವವರು ಒಳಗೆ ಉಳಿದ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಹಾಕಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿಯುವವರೆಗೆ ಬಿಡುವುದಿಲ್ಲ. ಐದು ನಿಮಿಷದಲ್ಲಿ ಮುಗಿಯುವ ಕೆಲಸ ಇದಲ್ಲ. ಪಂಪೇ ತಾರದೆ, ಸ್ವಲ್ಪ ಗ್ಯಾಸ್ ಬಿಟ್ಟು "ಗಾಳಿ ಹೊರಗೆ ತಳ್ಳಿದೆ" ಅನ್ನುವವರಿದ್ದಾರೆ. ದುಡ್ಡು ಉಳಿಯಿತು ಅನಿಸಿದರೂ ಅದರ ಬೆಲೆ ತೆರುವುದು ಕಂಪ್ರೆಸರ್.

ಎರಡು, ತೂಕ. ಮೊದಲೇ ತೆಗೆದಿಟ್ಟ ಸ್ಟಿಕ್ಕರ್ ಫೋಟೋ ಈಗ ನೋಡಿ. ಉದಾಹರಣೆಗೆ 0.85 ಕೆಜಿ ಎಂದಿದ್ದರೆ 850 ಗ್ರಾಂ ಹೋಗಬೇಕು. ಗ್ಯಾಸಿನ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನಿಮ್ಮ ಕಣ್ಣೆದುರೇ ನೋಡಲಿ. ಪೈಪು ತುಂಬಾ ಉದ್ದವಿದ್ದರೆ ಮೀಟರಿಗೆ ಇಷ್ಟು ಗ್ರಾಂ ಜಾಸ್ತಿ ಎಂದು ಕೈಪಿಡಿಯಲ್ಲಿ ಇರುತ್ತದೆ. ಬರೀ ಗೇಜ್ ನೋಡಿ "ಸಾಕು" ಅನ್ನುವುದು, ಅದರಲ್ಲೂ ಇನ್ವರ್ಟರ್ ಎಸಿಯಲ್ಲಿ, ಸರಿ ಹೋಗುವುದಿಲ್ಲ. ಕಂಪ್ರೆಸರಿನ ವೇಗ ಬದಲಾದ ಹಾಗೆ ಒತ್ತಡವೂ ಬದಲಾಗುತ್ತಿರುತ್ತದೆ.

ಇನ್ನು ಗ್ಯಾಸಿನ ಜಾತಿ. ಹಳೆಯ ಎಸಿಗಳಲ್ಲಿ ಆರ್-22 ಇರುತ್ತದೆ. ಇದು ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಲೋಕದೆಲ್ಲೆಡೆ ಬಳಕೆ ಇಳಿಸುತ್ತಾ ಬಂದಿದ್ದಾರೆ. ಹಾಗಾಗಿ ಅದು ಸಿಗುವುದು ಕಷ್ಟವಾಗುತ್ತಾ ಹೋಗುತ್ತದೆ. ಆಮೇಲೆ ಬಂದದ್ದು ಆರ್-410ಎ. ಇದರ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಜಾಸ್ತಿ, ಹಳೆಯ ಯಂತ್ರಕ್ಕೆ ಹಾಕುವ ಹಾಗೇ ಇಲ್ಲ. ಈಗಿನ ಅನೇಕ ಎಸಿಗಳಲ್ಲಿ ಆರ್-32 ಇರುತ್ತದೆ, ಇದಕ್ಕೆ ಸ್ವಲ್ಪ ಬೆಂಕಿ ಹಿಡಿಯುವ ಗುಣ ಇದೆ. ಆರ್-290 ಅಂದರೆ ಪ್ರೊಪೇನ್, ಚೆನ್ನಾಗೇ ಹೊತ್ತಿಕೊಳ್ಳುತ್ತದೆ. ಇಂಥ ಯಂತ್ರದಲ್ಲಿ ಗ್ಯಾಸ್ ಪೂರ್ತಿ ತೆಗೆದು ನೈಟ್ರೋಜನ್ ಹಾಯಿಸದೆ ಬೆಸುಗೆಯ ಬೆಂಕಿ ಹಚ್ಚಲು ಬಿಡಬೇಡಿ. ಸ್ಟಿಕ್ಕರಿನಲ್ಲಿ ಯಾವ ಹೆಸರಿದೆಯೋ ಅದೇ ಹೋಗಬೇಕು. "ಇದೂ ನಡೆಯುತ್ತೆ, ರೇಟು ಕಮ್ಮಿ" ಅಂದರೆ ಬೇಡ ಅನ್ನಿ.

6. ಪಿಸಿಬಿ, ಕಂಪ್ರೆಸರ್: ದೊಡ್ಡ ಬಿಲ್ಲಿನ ಜಾಗ

ಪಿಸಿಬಿ ಎಂದರೆ ಎಸಿಯ ಎಲ್ಲ ಭಾಗಗಳನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಇನ್ವರ್ಟರ್ ಎಸಿಯ ಹೊರಗಿನ ಯೂನಿಟ್‌ನಲ್ಲೂ ಒಂದು ಇರುತ್ತದೆ, ಅದು ದುಬಾರಿ. ವೋಲ್ಟೇಜ್ ಏರಿಳಿತ, ಒಳಗೆ ನುಗ್ಗಿದ ಹಲ್ಲಿ, ಇರುವೆ, ಇವೇ ಅದಕ್ಕೆ ಶತ್ರುಗಳು.

ಪರದೆಯಲ್ಲಿ ಎರರ್ ಕೋಡ್ ಬಂದರೆ ಬರೆದಿಟ್ಟುಕೊಂಡು ಕೈಪಿಡಿಯಲ್ಲಿ ಅರ್ಥ ನೋಡಿ. ಕೋಡು ದಿಕ್ಕು ತೋರಿಸುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ. ಒಳಗಿನ, ಹೊರಗಿನ ಯೂನಿಟ್‌ಗಳ ನಡುವೆ ಮಾತುಕತೆ ಇಲ್ಲ ಎಂಬ ಕೋಡು ಬಂದರೆ ಬೋರ್ಡು ಸುಟ್ಟಿರಬಹುದು. ಇಲಿ ಕಡಿದ ವೈರು, ಸಡಿಲವಾದ ಜೋಡಣೆಯೂ ಇರಬಹುದು. ವೈರು, ಸೆನ್ಸರ್ ಅಳೆದ ಮೇಲೆ ಬೋರ್ಡಿನ ಮಾತು. ಬೋರ್ಡೇ ಕೆಟ್ಟಿದ್ದರೂ ಫ್ಯೂಸ್, ರಿಲೇಯಂಥ ಸಣ್ಣ ಭಾಗ ಬದಲಿಸಿ ಸರಿ ಮಾಡುವವರು ಇರುತ್ತಾರೆ. ವಾರಂಟಿ ಮುಗಿದ ಎಸಿಗೆ ಹೊಸ ಬೋರ್ಡು ಕೊಳ್ಳುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಕಂಪ್ರೆಸರ್ ನಿಜವಾಗಿಯೂ ಹೋಗಿದೆ ಅಂದರೆ ಮೆಕ್ಯಾನಿಕ್ ಅದರ ಮೂರು ಟರ್ಮಿನಲ್‌ಗಳ ನಡುವೆ, ಆಮೇಲೆ ಟರ್ಮಿನಲ್‌ಗೂ ಕಂಪ್ರೆಸರಿನ ಲೋಹದ ಮೈಗೂ ನಡುವೆ ಮೀಟರ್ ಇಟ್ಟು ತೋರಿಸಬೇಕು. ಲೋಹದ ಮೈಗೆ ವಿದ್ಯುತ್ ಹರಿಯುತ್ತಿದ್ದರೆ ಒಳಗಿನ ಸುರುಳಿ ಸುಟ್ಟಿದೆ ಎಂದರ್ಥ. ಸುಟ್ಟ ಕಂಪ್ರೆಸರ್ ಕೊಳವೆಯ ತುಂಬಾ ಆಮ್ಲ, ಮಸಿ ಬಿಟ್ಟಿರುತ್ತದೆ. ಕೊಳವೆ ಸ್ವಚ್ಛ ಮಾಡದೆ, ತೇವ ಹೀರುವ ಫಿಲ್ಟರ್ ಡ್ರೈಯರ್ ಹೊಸದು ಹಾಕದೆ ಕೂರಿಸಿದರೆ ಹೊಸ ಕಂಪ್ರೆಸರ್ ಕೂಡ ಬೇಗ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ "ಕಂಪ್ರೆಸರ್‌ಗೆ ಇಷ್ಟು" ಎಂಬ ಒಂದು ಸಾಲಿನ ಲೆಕ್ಕ ಒಪ್ಪಬೇಡಿ. ಕಂಪ್ರೆಸರ್, ಡ್ರೈಯರ್, ಸ್ವಚ್ಛತೆ, ನೈಟ್ರೋಜನ್, ವ್ಯಾಕ್ಯೂಮ್, ಗ್ಯಾಸ್, ಕೂಲಿ ಎಲ್ಲ ಸೇರಿಸಿ ಬರೆದು ಕೊಡಲಿ.

7. ರಿಪೇರಿಯೋ, ಹೊಸದೋ?

ಐದು ವರ್ಷದೊಳಗಿನ ಎಸಿಯನ್ನು ಸಾಮಾನ್ಯವಾಗಿ ರಿಪೇರಿ ಮಾಡಿಸಿ. ಹತ್ತು ವರ್ಷ ದಾಟಿ, ಕಾಯಿಲ್ ಅಥವಾ ಕಂಪ್ರೆಸರ್ ಹೋದರೆ ಬಿಟ್ಟುಬಿಡಿ. ನಡುವಿನ ವಯಸ್ಸಿನದಕ್ಕೆ, ಎಲ್ಲ ಸೇರಿದ ಖರ್ಚು ಅದೇ ಅಳತೆಯ ಹೊಸ ಎಸಿಯ ಅರ್ಧ ಬೆಲೆ ಮುಟ್ಟಿದರೆ ನಾನಂತೂ ಹೊಸದರ ಕಡೆಗೆ. ಆರ್-22 ಎಸಿಯ ಕಾಯಿಲ್ ಸೋರಿದರೆ ಯೋಚನೆಯೇ ಬೇಡ.

ಹಾಗಂತ ಹಳೆಯದೆಲ್ಲ ಗುಜರಿಗಲ್ಲ. ಕೆಪಾಸಿಟರ್, ನೀರಿನ ಪೈಪು, ಸೆನ್ಸರ್, ಫ್ಯಾನ್ ಮೋಟರ್ ಇಂಥವಕ್ಕೆ ಹದಿನೈದು ವರ್ಷದ ಎಸಿಯನ್ನೂ ರಿಪೇರಿ ಮಾಡಿಸಬಹುದು. "ಹಳೇದು, ಬಿಸಾಕಿ" ಎಂದು ಹೊಸದು ಮಾರಲು ಬರುವವರೂ ಇದ್ದಾರೆ, ನೆನಪಿರಲಿ. ಹೊರಗಿನ ಯೂನಿಟ್ ಮಾತ್ರ ಬೇರೆ ಮಾಡೆಲ್‌ನದು ತಂದು ಹಳೆಯ ಒಳಯೂನಿಟ್‌ಗೆ ಜೋಡಿಸುವ ಉಪಾಯ ಹೇಳಿದರೆ ಒಪ್ಪಬೇಡಿ. ಎರಡೂ ಹೊಂದದಿದ್ದರೆ ತಂಪೂ ಇಲ್ಲ, ಕರೆಂಟ್ ಬಿಲ್ಲೂ ಜಾಸ್ತಿ.

8. ದುಡ್ಡು ಕೊಡುವ ಮೊದಲು

ಅರ್ಧ ಗಂಟೆ ಓಡಿಸಿ. ಥರ್ಮಾಮೀಟರ್ ಪರೀಕ್ಷೆ ಮತ್ತೆ ಮಾಡಿ. ವೈರಿನ ಸುತ್ತ ಹಿಡಿಯುವ ಕ್ಲ್ಯಾಂಪ್ ಮೀಟರಿನಲ್ಲಿ ಎಷ್ಟು ಆಂಪಿಯರ್ ಎಂದು ಕೇಳಿ, ಸ್ಟಿಕ್ಕರಿನ ಜೊತೆ ಹೋಲಿಸಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ್ದಾದರೆ ಕಂಪನಿಯವರು ಒಯ್ಯುತ್ತಾರೆ, ಅದು ಬೇರೆ.

ಈ ಹೊತ್ತಿಗೆ ಸರಿಯಾಗಿ ಎಎಂಸಿ, ಅಂದರೆ ವರ್ಷದ ಸರ್ವೀಸ್ ಒಪ್ಪಂದ, ಮಾಡಿಸಿ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಬರೀ ತೊಳೆಯುವುದು, ನೋಡುವುದು. ಇನ್ನೊಂದರಲ್ಲಿ ಬಿಡಿಭಾಗವೂ ಸೇರಿರುತ್ತದೆ. ಗ್ಯಾಸ್, ಕಾಯಿಲ್, ಪಿಸಿಬಿ ಮೂರೂ ಸೇರಿವೆಯಾ ಎಂದು ಹೆಸರು ಹಿಡಿದು ಕೇಳಿ. ಮೂರೂ ಇಲ್ಲದಿದ್ದರೆ ನೀವು ದುಡ್ಡು ಕೊಡುತ್ತಿರುವುದು ತೊಳೆಸುವುದಕ್ಕೆ ಮಾತ್ರ.

ಬಿಲ್ಲಿನಲ್ಲಿ "ಗ್ಯಾಸ್ ಚಾರ್ಜಿಂಗ್" ಎಂದಷ್ಟೇ ಬರೆಸಿಕೊಳ್ಳಬೇಡಿ. ಯಾವ ಗ್ಯಾಸ್, ಎಷ್ಟು ಗ್ರಾಂ, ಲೀಕ್ ಎಲ್ಲಿತ್ತು, ಯಾವ ಭಾಗ ಬದಲಾಯಿತು, ಈ ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ, ಎಲ್ಲ ಇರಲಿ. ಎರಡು ತಿಂಗಳಲ್ಲಿ ಮತ್ತೆ ತಂಪು ಕಡಿಮೆಯಾದರೆ ಹೊಸ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಆ ಬಿಲ್ಲು ಹಿಡಿದು ಹಳಬರನ್ನೇ ಕರೆಸಿ.